ಗಲ್ಲಾದ ಕೊರತೆ ಮತ್ತು ಕಳ್ಳತನದ ಪಟ್ಟ

ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ಕ್ಯಾಶಿಯರನ ಜೀವ ಬಾಯಿಗೆ ಬರುತ್ತದೆ. ಹೋಟೆಲಿನ ಗಲ್ಲಾದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ದುಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾನಕ್ಕಂಜಿ ಕೈಯಿಂದಲೇ ತುಂಬಿ ಸುಮ್ಮನಾಗುವವರೇ ಹೆಚ್ಚು.

ಬ್ರಿಟನ್ನಿನ ಅಂಚೆ ಕಚೇರಿಗಳಲ್ಲೂ ಆದದ್ದು ಇದೇ. 1999ರಿಂದ ಅಲ್ಲಿ 'ಹೊರೈಜನ್' ಎಂಬ ಕಂಪ್ಯೂಟರ್ ಲೆಕ್ಕ ಜಾರಿಗೆ ಬಂದ ಬಳಿಕ, ಗುತ್ತಿಗೆಯ ಮೇಲೆ ಕಚೇರಿ ನಡೆಸುತ್ತಿದ್ದವರ ಪುಸ್ತಕಗಳಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಕೆಲವರು ಸಾಲ ಮಾಡಿ ತುಂಬಿದರು. ಕೆಲವರು ಲೆಕ್ಕ ಸರಿಯಿದೆಯೆಂದು ಸಹಿ ಹಾಕಿದರು, ಆ ಸಹಿಯೇ ಉರುಳಾಯಿತು. ಭಾರತ ಮೂಲದ ಸೀಮಾ ಮಿಶ್ರಾ 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲು ಸೇರಿದರು. ಅಂದು ಅವರ ಮಗನ ಹತ್ತನೇ ಹುಟ್ಟುಹಬ್ಬ. ಮನುಷ್ಯ ಸುಳ್ಳು ಹೇಳಿಯಾನು, ಯಂತ್ರ ಹೇಳದು ಎಂಬ ನಂಬಿಕೆ ಮೇಲಧಿಕಾರಿಗಳದು!

ವೇಲ್ಸ್‌ನ ಅಲನ್ ಬೇಟ್ಸ್ ತನ್ನದಲ್ಲದ ಕೊರತೆಯನ್ನು ಒಪ್ಪಲಿಲ್ಲ. ಪತ್ರದ ಮೇಲೆ ಪತ್ರ ಬರೆದು ವಿವರ ಕೇಳಿದರು. 2003ರಲ್ಲಿ ಕರಾರು ರದ್ದಾಯಿತು, ಹೂಡಿದ ಹಣವೂ ಹೋಯಿತು. 'ಈ ತೊಂದರೆ ನಿಮ್ಮೊಬ್ಬರಿಗೇ' ಎಂದು ಎಷ್ಟೋ ಮಂದಿಗೆ ಹೇಳಲಾಗಿತ್ತು. ಅಂಥವರನ್ನೆಲ್ಲ ಹುಡುಕಿ ಕಲೆಹಾಕಿ 2009ರಲ್ಲಿ ಬೇಟ್ಸ್ ಸಂಘ ಕಟ್ಟಿದರು. ಮುಂದೆ 555 ಮಂದಿ ಒಟ್ಟಾಗಿ ದಾವೆ ಹೂಡಿದರು. ಕಂಪ್ಯೂಟರಿನಲ್ಲೇ ದೋಷಗಳಿದ್ದವೆಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ತೀರ್ಪಿತ್ತಿತು. 2021ರ ಏಪ್ರಿಲ್‌ನಲ್ಲಿ ಸೀಮಾ ಸೇರಿದಂತೆ 39 ಮಂದಿ ದೋಷಮುಕ್ತರಾದರು. ಉಳಿದ ನೂರಾರು ಜನರ ಕಳಂಕ ತೊಳೆಯಲು 2024ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಹಲವರು ಕಳ್ಳರೆಂಬ ಹೆಸರು ಹೊತ್ತೇ ತೀರಿಕೊಂಡಿದ್ದರು.