ಸಸ್ಯಕ್ಕೂ ಜೀವವಿದೆಯಲ್ಲವೇ?

‘ಗಿಡಮರಗಳಿಗೂ ಜೀವವಿದೆ. ಅವುಗಳನ್ನು ತಿನ್ನುವವರು ಪ್ರಾಣಿಗಳನ್ನು ತಿನ್ನಬಾರದೆಂದು ಹೇಳುವುದು ಯಾವ ನ್ಯಾಯ?’ ಅಹಿಂಸೆಯ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಏಳುತ್ತದೆ. ಜೈನಧರ್ಮ ಇದನ್ನು ಕುಹಕವೆಂದು ತಳ್ಳಿಹಾಕುವುದಿಲ್ಲ. ಸಸ್ಯಕ್ಕೆ ಜೀವವಿದೆಯೆಂಬುದನ್ನು ಅತ್ಯಂತ ಗಂಭೀರವಾಗಿ ಒಪ್ಪಿದ ಧರ್ಮವೇ ಅದು. ವನಸ್ಪತಿ ಮಾತ್ರವಲ್ಲ, ಮಣ್ಣು, ನೀರು, ಬೆಂಕಿ, ಗಾಳಿಗಳನ್ನೇ ಶರೀರವಾಗಿ ಉಳ್ಳ ಜೀವಗಳೂ ಇವೆಯೆಂದು ಜಿನಾಗಮ ಹೇಳುತ್ತದೆ. ಸ್ಪರ್ಶವೊಂದನ್ನೇ ಅರಿಯಬಲ್ಲ ಇವು ಏಕೇಂದ್ರಿಯ ಸ್ಥಾವರ ಜೀವಿಗಳು.

ಹಾಗಾದರೆ ಅನ್ನದ ಅಗುಳಿಗೂ ಮಾಂಸದ ತುಣುಕಿಗೂ ಭೇದವೇನು? ಆತ್ಮದ್ರವ್ಯದ ದೃಷ್ಟಿಯಿಂದ ಹುಲ್ಲಿನ ಜೀವವೂ ಹಸುವಿನ ಜೀವವೂ ಸಮಾನವೇ. ಆದರೆ ಅವು ಧರಿಸಿರುವ ಪ್ರಾಣಗಳು ಸಮಾನವಲ್ಲ. ಸಸ್ಯಕ್ಕಿರುವುದು ಸ್ಪರ್ಶನೇಂದ್ರಿಯ, ಕಾಯಬಲ, ಆಯುಷ್ಯ, ಶ್ವಾಸೋಚ್ಛ್ವಾಸವೆಂಬ 4 ಪ್ರಾಣಗಳು. ಮನಸ್ಸುಳ್ಳ ಪಂಚೇಂದ್ರಿಯ ಜೀವಿಗೆ ಐದು ಇಂದ್ರಿಯಗಳು, ಮನ ವಚನ ಕಾಯಗಳ ಬಲ, ಆಯುಷ್ಯ, ಶ್ವಾಸೋಚ್ಛ್ವಾಸ ಸೇರಿ 10 ಪ್ರಾಣಗಳು. ಅದು ಭಯವನ್ನು ಅರಿಯುತ್ತದೆ, ಮರಿಯನ್ನು ಹುಡುಕುತ್ತದೆ, ಎದುರಿನ ಕತ್ತಿಯನ್ನು ಕಂಡು ಹಿಂಜರಿಯುತ್ತದೆ. ಅದನ್ನು ಲೆಕ್ಕಿಸದೆ ಕೈ ಎತ್ತಬೇಕಾದರೆ ಕೊಲ್ಲುವವನ ಅಂತರಂಗವೂ ಅಷ್ಟೇ ಕಠೋರವಾಗಬೇಕು. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಪ್ರಕಾರ ಪ್ರಾಣಗಳ ವಿಯೋಗದ ಹಿಂದೆ ಪ್ರಮಾದವಿದ್ದಾಗ ಅದು ಹಿಂಸೆ. ದ್ರವ್ಯಹಿಂಸೆಯ ಬೇರು ಭಾವಹಿಂಸೆಯಲ್ಲಿದೆ.

ಇನ್ನೊಂದು ವಾದವೂ ಉಂಟು: ನೂರಾರು ಕಾಳುಗಳ ಜೀವ ತೆಗೆಯುವುದಕ್ಕಿಂತ ಒಂದೇ ದೊಡ್ಡ ಪ್ರಾಣಿಯನ್ನು ಕೊಂದು ಹಲವರು ಉಣ್ಣುವುದು ಮೇಲಲ್ಲವೇ? ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಹಿಂಸೆಯನ್ನು ತಲೆಯೆಣಿಕೆಯಿಂದ ಅಳೆಯಲಾಗದು. ಕಷಾಯದ ತೀವ್ರತೆಯಿಂದ ಅಳೆಯಬೇಕು. ಮಾಂಸವು ಹಸಿಯಾಗಿರಲಿ, ಬೆಂದಿರಲಿ, ಅದರಲ್ಲಿ ಸೂಕ್ಷ್ಮಜೀವಿಗಳು ನಿರಂತರವಾಗಿ ಹುಟ್ಟುತ್ತಿರುತ್ತವೆಂದೂ ಅವರು ಹೇಳುತ್ತಾರೆ. ಅಲ್ಲಿಗೆ ‘ಒಂದೇ ಜೀವ’ ಎಂಬ ಲೆಕ್ಕವೇ ನಿಲ್ಲುವುದಿಲ್ಲ. ಮೇಲಾಗಿ, ಆ ಪ್ರಾಣಿ ಬೆಳೆಯಲು ಮೇದ ಹುಲ್ಲು, ತಿಂದ ಕಾಳು ಎಷ್ಟು! ಸಸ್ಯಗಳ ಮೇಲಿನ ಕರುಣೆಯಿಂದ ಮಾಂಸ ತಿನ್ನುವವನು ಸಸ್ಯವನ್ನೂ ಉಳಿಸಲಾರ.

ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ‘ಯಶಸ್ತಿಲಕ’ದಲ್ಲಿ ಮೀನುಗಾರ ಮತ್ತು ರೈತನ ನಿದರ್ಶನವಿದೆ. ಬಲೆ ಬೀಸಿದವನಿಗೆ ಒಂದು ಮೀನೂ ಸಿಗದಿರಬಹುದು. ಉಳುವವನ ನೇಗಿಲಿಗೆ ಅನೇಕ ಹುಳುಗಳು ಸಿಲುಕಬಹುದು. ಆದರೂ ದೋಷದ ಭಾರ ಮೊದಲನೆಯವನಿಗೇ ಹೆಚ್ಚು. ಇಲ್ಲಿ ತೂಗಿರುವುದು ಕುಲವನ್ನಲ್ಲ, ಸಂಕಲ್ಪವನ್ನು. ಅಡುಗೆ, ಬೇಸಾಯಗಳಲ್ಲಿ ಆಗುವ ಆರಂಭೀ, ಉದ್ಯೋಗೀ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಸಂಕಲ್ಪೀ ಹಿಂಸೆಯನ್ನು ಬಿಡಬಲ್ಲ, ಬಿಡಲೇಬೇಕು.

ಆದರೆ ಸಸ್ಯಾಹಾರಿಯಾದೊಡನೆ ಸಾಧನೆ ಮುಗಿಯಿತೆಂದು ತಿಳಿಯಬಾರದು. ಸಸ್ಯದಲ್ಲಿಯೂ ವಿವೇಕ ಬೇಕು. ಆಲ, ಅರಳಿ, ಅತ್ತಿ ಮೊದಲಾದ ಐದು ಉದುಂಬರ ಫಲಗಳು ವರ್ಜ್ಯ, ಏಕೆಂದರೆ ಅವುಗಳೊಳಗೆ ತ್ರಸಜೀವಿಗಳಿರುತ್ತವೆ. ಒಂದೇ ಶರೀರದಲ್ಲಿ ಅನಂತ ಜೀವಗಳನ್ನು ಹೊತ್ತ ಗಡ್ಡೆಗೆಣಸುಗಳನ್ನು ವ್ರತಿಗಳು ಬಿಡುತ್ತಾರೆ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವುದು ಇದೇ ಎಚ್ಚರದ ಮುಂದುವರಿಕೆ.

ಆರು ಲೇಶ್ಯೆಗಳ ದೃಷ್ಟಾಂತ ಪ್ರಸಿದ್ಧ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿಯೂ ಅದನ್ನು ಕಾಣಬಹುದು. ಹಸಿದ ಆರು ಮಂದಿ ಹಣ್ಣಿನ ಮರವೊಂದರ ಬಳಿಗೆ ಬರುತ್ತಾರೆ. ಒಬ್ಬನು ಮರವನ್ನೇ ಬುಡಸಹಿತ ಕೆಡಹಲು ಬಯಸುತ್ತಾನೆ. ಉಳಿದವರು ಕ್ರಮವಾಗಿ ಹೆಗ್ಗೊಂಬೆ, ಸಣ್ಣ ರೆಂಬೆ, ಗೊಂಚಲು, ಮಾಗಿದ ಹಣ್ಣುಗಳಿಗೆ ಕೈ ಚಾಚುತ್ತಾರೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿಕೊಳ್ಳುತ್ತಾನೆ. ಆರು ಮಂದಿಯೂ ಸಸ್ಯಾಹಾರಿಗಳೇ; ಎಲ್ಲರ ಹಸಿವೂ ಒಂದೇ. ಭಾವಗಳು ಮಾತ್ರ ಕೃಷ್ಣದಿಂದ ಶುಕ್ಲದವರೆಗೆ ಬೇರೆ ಬೇರೆ.

ಆದುದರಿಂದ ‘ನಾನು ಮಾಂಸ ಮುಟ್ಟದವನು’ ಎಂದು ನೆರೆಯವನನ್ನು ಹೀನವಾಗಿ ಕಾಣುವವನು ಮಾನಕಷಾಯದಿಂದ ತನ್ನ ಆತ್ಮವನ್ನೇ ಹಿಂಸಿಸುತ್ತಿದ್ದಾನೆ. ಸಸ್ಯಕ್ಕೂ ಜೀವವಿದೆ ಎಂಬ ಮಾತು ಪ್ರಾಣಿವಧೆಗೆ ಪರವಾನಗಿಯಲ್ಲ. ತಟ್ಟೆಯಲ್ಲಿ ಅನ್ನ ಚೆಲ್ಲುವ ಕೈಗೆ ಎಚ್ಚರಿಕೆ. ಬದುಕಲು ಬೇಕಾದಷ್ಟನ್ನು, ಅತಿ ಕಡಿಮೆ ನೋವಿನಿಂದ, ಋಣದ ಅರಿವಿನಿಂದ ಸ್ವೀಕರಿಸುವವನ ಊಟವೂ ತಪಸ್ಸಿನ ಮೊದಲ ಮೆಟ್ಟಿಲಾಗುತ್ತದೆ.