ಹಾಲು ಕಂಡರೆ ಓಡುವ ಬೆಕ್ಕು

ಕನ್ನಡದ ಮಕ್ಕಳು ಕೇಳಿ ಬೆಳೆಯುವ ಕಥೆಗಳಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕಿಗೆ ವಿಶೇಷ ಸ್ಥಾನವಿದೆ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿತೆಂದು ಕೃಷ್ಣದೇವರಾಯ ಮನೆಮನೆಗೂ ಬೆಕ್ಕು ಹಂಚುತ್ತಾನೆ, ಅದರ ಹಾಲಿಗೆಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಡುತ್ತಾನೆ. ಆಸೆಯಿಂದ ಬಾಯಿ ಹಾಕಿದ ಬೆಕ್ಕಿನ ನಾಲಿಗೆ ಸುಡುತ್ತದೆ. ಅಲ್ಲಿಂದಾಚೆಗೆ ಹಾಲಿನ ಬಟ್ಟಲು ಕಂಡರೆ ಸಾಕು, ಅದು ಓಟ ಕೀಳುತ್ತದೆ. ಹಾಲೆಲ್ಲ ಮನೆಮಂದಿಯ ಪಾಲಾಗುತ್ತದೆ. ತಪಾಸಣೆಯ ದಿನ ಊರ ಬೆಕ್ಕುಗಳೆಲ್ಲ ಕೊಬ್ಬಿ ನಿಂತಿದ್ದರೆ ಇದೊಂದು ಮಾತ್ರ ಬಡಕಲು. ಹಾಲನ್ನೇ ಮುಟ್ಟದ ಬೆಕ್ಕು ತನ್ನದೆಂದು ರಾಮಕೃಷ್ಣ ಅರಸನ ಎದುರೇ ತೋರಿಸಿಕೊಡುತ್ತಾನೆ. ಇದನ್ನು ನಾವು ಜಾಣತನದ ಕಥೆಯೆಂದೇ ಹೇಳುತ್ತ ಬಂದಿದ್ದೇವೆ. ಆದರೆ ಬೆಕ್ಕಿನ ಕಡೆ ನಿಂತು ನೋಡಿದರೆ ಕಥೆಯೊಳಗೆ ಪ್ರಾಣಿಯ ಸ್ವಭಾವದ ಬಗ್ಗೆ ಅಪ್ಪಟ ನಿಜವೊಂದಿದೆ. ಅದನ್ನು ಹೇಳದೆ ಕಥೆ ಮುಗಿಸಿದರೆ ಮಕ್ಕಳಿಗೆ ಅರ್ಧ ಕಥೆಯನ್ನಷ್ಟೇ ಕೊಟ್ಟಂತಾಗುತ್ತದೆ.

ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ ಅರಸ, ರಾಮಕೃಷ್ಣ ‘ಪಾಂಡುರಂಗ ಮಾಹಾತ್ಮ್ಯಮು’ ಬರೆದ ತೆಲುಗು ಕವಿ. ಬೆಕ್ಕು ಹಂಚಿದ ಸಂಗತಿಗೆ ಶಾಸನದ ಆಧಾರ ಹುಡುಕಬೇಕಾಗಿಲ್ಲ, ಅದು ಜನರ ಬಾಯಲ್ಲಿ ಬೆಳೆದ ಕಥೆ. ನನಗೆ ಮುಖ್ಯವೆನಿಸುವುದು ಹಾಗೆ ಬೆಳೆಸಿದವರ ಕಣ್ಣು. ಅವರ ಬೆಕ್ಕು ಹಾಲನ್ನು ನೆಕ್ಕಿ ನೋಡಿ ಮುಖ ತಿರುಗಿಸುವುದಿಲ್ಲ, ದೂರದಿಂದ ಬಟ್ಟಲು ಕಂಡೇ ಓಡುತ್ತದೆ. ಈ ಸಣ್ಣ ವಿವರದ ಬೆಲೆ ತಿಳಿಯಬೇಕಾದರೆ ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ 1966ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಅವರು ಇಲಿಗಳಿಗೆ ಸಿಹಿನೀರು ಕೊಟ್ಟರು. ಇಲಿ ನೀರು ನೆಕ್ಕಿದಾಗೆಲ್ಲ ಬೆಳಕು ಹೊಳೆಯುವಂತೆ, ಸದ್ದಾಗುವಂತೆ ಮಾಡಿದರು. ಆಮೇಲೆ ಕೆಲವಕ್ಕೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ವಿದ್ಯುತ್ ಆಘಾತ ಕೊಟ್ಟರು. ಹೊಟ್ಟೆ ಕೆಟ್ಟವು ಆ ರುಚಿಯನ್ನೇ ದೂರವಿಟ್ಟವು. ನೋವುಂಡವು ರುಚಿಗೆ ಅಂಜಲಿಲ್ಲ, ಬೆಳಕು ಮತ್ತು ಸದ್ದಿಗೆ ಅಂಜಿದವು. ಕಾಯಿಲೆಯ ನೆನಪು ರುಚಿಗೆ ಅಂಟಿಕೊಳ್ಳುತ್ತದೆ, ಮೈಗಾದ ನೋವಿನ ನೆನಪು ನೋಟಕ್ಕೂ ಸದ್ದಿಗೂ ಅಂಟಿಕೊಳ್ಳುತ್ತದೆ. ಸುಟ್ಟುಕೊಂಡ ಬೆಕ್ಕು ಹಾಲನ್ನು ಕಂಡೇ ಓಡಬೇಕು, ಕಥೆಯಲ್ಲಿ ಆಗುವುದೂ ಅದೇ. ಪ್ರಯೋಗಾಲಯವಿಲ್ಲದೆ, ಅಡುಗೆಮನೆಯ ಮೂಲೆಯನ್ನು ಗಮನವಿಟ್ಟು ನೋಡಿದವರು ಕಂಡುಕೊಂಡ ಸತ್ಯವಿದು.

ಹಾಲು ಒಲ್ಲದ ಬೆಕ್ಕು ವಿಚಿತ್ರವೆಂದು ಅರಸನಿಗೆ ತೋರಿದ್ದರಲ್ಲಿ ಇನ್ನೊಂದು ತಪ್ಪೆಣಿಕೆಯೂ ಇದೆ. ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸದಿಂದ. ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಅದರ ಹೊಟ್ಟೆಯಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಸುವಿನ ಹಾಲು ಭೇದಿ ತರಿಸುತ್ತದೆ. ಸಿಹಿಯನ್ನಂತೂ ಅದರ ನಾಲಿಗೆ ಅರಿಯದು. ಸಿಹಿ ಗ್ರಹಿಸಲು ಬೇಕಾದ ಜೀನ್‌ಗಳಲ್ಲೊಂದು ಬೆಕ್ಕುಗಳಲ್ಲಿ ಕೆಟ್ಟುಹೋಗಿದೆ ಎಂಬುದನ್ನು ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹುಲಿ, ಚೀತಾಗಳಲ್ಲೂ ಹಾಗೆಯೇ. ಬೆಕ್ಕು ಹಾಲಿಗೆ ಬಾಯಿ ಹಾಕುವುದು ಕೊಬ್ಬಿನ ಆಸೆಗಿರಬೇಕು. ಇಲಿ ಹಿಡಿಯಲೆಂದು ಬೆಕ್ಕು ತಂದು ಅದಕ್ಕೆ ಹಸು ಕಟ್ಟಿದ ಆಜ್ಞೆಯೇ ಬೆಕ್ಕಿನ ಸ್ವಭಾವ ತಿಳಿಯದೆ ಹೊರಟದ್ದು.

ಇಷ್ಟಕ್ಕೆ ಆಕ್ಷೇಪ ಬರುವುದು ಸಹಜ. ಇದು ನಗಿಸುವ ಕಥೆ, ಇದಕ್ಕೆ ಪ್ರಾಣಿದಯೆಯ ಪಾಠ ಹೊರಿಸಿದರೆ ನಗು ಸತ್ತುಹೋಗುತ್ತದೆ ಎನ್ನಬಹುದು. ಪಾಠ ಹೊರಿಸುವುದು ನನಗೂ ಬೇಡ. ಬೆಕ್ಕಿಗೆ ನೋವಾಯಿತೇ, ಆಮೇಲೆ ಏನು ತಿಂದಿತು ಎಂದು ಮಗು ಕೇಳಿದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕು, ಅಷ್ಟೆ. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ: ಕಥೆಯ ಗುರಿ ಅರಸನ ವಿವೇಕವಿಲ್ಲದ ಯೋಜನೆ, ಜನರ ಮಕ್ಕಳಿಗೆ ದಕ್ಕದ ಹಾಲು ಬೆಕ್ಕಿಗೆ ಹೋಗುವುದನ್ನು ರಾಮಕೃಷ್ಣ ಬಯಲಿಗೆಳೆದ. ಈ ಮಾತಿನಲ್ಲಿ ಹುರುಳಿದೆ, ಕಥೆ ಇಷ್ಟು ಕಾಲ ಬಾಳಿರುವುದಕ್ಕೆ ಅದೂ ಒಂದು ಕಾರಣವಿರಬೇಕು. ಆದರೆ ಅರಸನಿಗೆ ಬುದ್ಧಿ ಹೇಳಲು ತೆತ್ತ ಬೆಲೆ ಬೆಕ್ಕಿನದು. ರಾಮಕೃಷ್ಣನಿಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ. ಎರಡನ್ನೂ ಒಟ್ಟಿಗೆ ಕಾಣುವ ಶಕ್ತಿ ಮಕ್ಕಳಿಗಿದೆ.

ಬೆಕ್ಕಿನ ಪರವಾಗಿ ಇಷ್ಟು ವಾದಿಸುವುದಕ್ಕೆ ಕಾರಣವಿದೆ. ಅರಸ ನಂಬಿದ್ದನ್ನು ಇವತ್ತಿಗೂ ಮನೆಮನೆಯಲ್ಲಿ ನಂಬುತ್ತಾರೆ: ಸಾಕಿದ ಪ್ರಾಣಿ ಬಟ್ಟಲು ಬಿಟ್ಟು ಎದ್ದರೆ ಅದು ಹಠ, ಕೊಬ್ಬು, ವಿಚಿತ್ರ ರುಚಿ. ಹಲ್ಲು ನೋಯುತ್ತಿದ್ದರೂ ಒಸಡು ಬಾತಿದ್ದರೂ ಬೆಕ್ಕು ಆಹಾರದಿಂದ ಹಿಂದೆ ಸರಿಯುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಎಂದು ಬಿಡುವ ಹಾಗಿಲ್ಲ. ಕೆಲವೇ ದಿನ ತಿನ್ನದಿದ್ದರೂ, ಅದರಲ್ಲೂ ಮೈತುಂಬಿದ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ರಾಮಕೃಷ್ಣನ ಬೆಕ್ಕು ಓಡಿದ್ದನ್ನು ಕಂಡ ಕೃಷ್ಣದೇವರಾಯ ಅದನ್ನು ಹಿಡಿದು ತರಿಸಿ, ಬಾಯಿ ತೆರೆಸಿ, ನಾಲಿಗೆಯ ಮೇಲಿನ ಸುಟ್ಟ ಗುರುತನ್ನು ಪತ್ತೆ ಹಚ್ಚುತ್ತಾನೆಂದು ಹೇಳುವವರೂ ಇದ್ದಾರೆ. ಮಕ್ಕಳಿಗೆ ಹೇಳಲು ನಾನು ಆರಿಸಿಕೊಳ್ಳುವುದು ಕಥೆಯ ಆ ರೂಪವನ್ನು.