ಜಾಲಹಳ್ಳಿ ಎಂದರೆ 24 ಬೈಟ್

ದೇವದುರ್ಗ ತಾಲೂಕಿನ ಜಾಲಹಳ್ಳಿ. ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಫೈಲಿಗೆ ಈ ಹೆಸರನ್ನು ಕನ್ನಡದಲ್ಲೇ ಇಡಿ. ಪ್ರೋಗ್ರಾಂ ತಾನಾಗಿ ಡಿಸ್ಕ್ ಮುಟ್ಟುವಂತಿಲ್ಲ. 'ಈ ಹೆಸರಿನ ಫೈಲ್ ತೆರೆದುಕೊಡು' ಎಂದು ಲಿನಕ್ಸಿನ ತಿರುಳಾದ ಕರ್ನೆಲ್ಲನ್ನು ಕೇಳಬೇಕು. ಈ ಕೇಳಿಕೆಯೇ ಸಿಸ್ಟಮ್ ಕಾಲ್.

ಕರ್ನೆಲ್ಲಿಗೆ ಕನ್ನಡ ಬರುತ್ತದೆಯೇ? ಬರಬೇಕಾಗಿಯೇ ಇಲ್ಲ! ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಜಾಲಹಳ್ಳಿ ಎಂದರೆ 8 ಸಂಕೇತ, ತಲಾ 3 ಬೈಟ್, ಒಟ್ಟು 24. ಆ ಬೈಟುಗಳನ್ನು ಕರ್ನೆಲ್ ಸಾಮಾನ್ಯವಾಗಿ ಹಾಗೆಯೇ ಬರೆದಿಡುತ್ತದೆ. ಹೆಸರಿನೊಳಗೆ ಬಾರದವು ಎರಡೇ: ಓರೆಗೆರೆ, ಸೊನ್ನೆ ಬೈಟ್.

1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಯುಟಿಎಫ್-8 ರೂಪಿಸಿದಾಗ ಆ ಎರಡೂ ಬೇರೆ ಅಕ್ಷರಗಳೊಳಗೆ ನುಸುಳದಂತೆ ನೋಡಿಕೊಂಡರು. ಹಳೆಯ ಸಿಸ್ಟಮ್ ಕಾಲ್ ಬದಲಾಗಲಿಲ್ಲ, ಕನ್ನಡ ಸಲೀಸಾಗಿ ದಾಟಿತು. ಇಷ್ಟು ಚೊಕ್ಕ ವಿನ್ಯಾಸ ಅಪರೂಪ.

ಒಂದು ಕೊರತೆಯಂತೂ ಇದೆ. ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್. ಇಂಗ್ಲಿಷಿಗೆ 255 ಅಕ್ಷರ ಸಿಕ್ಕರೆ ನಮಗೆ 85 ಸಂಕೇತ ಮಾತ್ರ, ಒತ್ತು, ಗುಣಿತ ಎಲ್ಲ ಸೇರಿ.